ಹಣ್ಣು ಕೊಯ್ಲಿನ ತಿಂಗಳಲ್ಲಿ ಪೋಷಕರ ಸಭೆ

ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಯ ಪ್ರೌಢಶಾಲೆಗಳಲ್ಲಿ ಪೋಷಕರ ಸಭೆ ಹೇಗೆ ನಡೆಯುತ್ತದೆ ಎಂಬುದು ಅಲ್ಲಿ ಮಕ್ಕಳನ್ನು ಓದಿಸಿದವರಿಗೆಲ್ಲ ಗೊತ್ತು. ಮುಖ್ಯ ಶಿಕ್ಷಕರು ಎರಡು ಮಾತಾಡುತ್ತಾರೆ. ಗಣಿತದ ಮೇಷ್ಟ್ರು, ಇಂಗ್ಲಿಷ್ ಮಿಸ್ಸು ತಂತಮ್ಮ ವಿಷಯದ ಅಂಕ ಓದುತ್ತಾರೆ. ‘ಮನೇಲಿ ಓದೋಕೆ ಕೂರಿಸಿ, ಮೊಬೈಲ್ ಕೊಡಬೇಡಿ’ ಎಂಬ ಮಾತು ಬರುತ್ತದೆ. ಪ್ರಗತಿ ಪತ್ರಕ್ಕೆ ಸಹಿಯೋ ಹೆಬ್ಬೆಟ್ಟೋ ಬೀಳುತ್ತದೆ. ಬಂದವರಲ್ಲಿ ಅಮ್ಮಂದಿರೇ ಹೆಚ್ಚು. ಅರ್ಧ ದಿನದ ಕೂಲಿ ಬಿಟ್ಟು ಬಂದವರು ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಹೋಗುತ್ತಾರೆ. ಅವರಲ್ಲಿ ಪ್ರಶ್ನೆ ಇಲ್ಲದೆ ಇಲ್ಲ. ಅವರ ಪ್ರಶ್ನೆಗಳು ಅಂಕಪಟ್ಟಿಯ ಯಾವ ಸಾಲಿಗೂ ಸೇರುವುದಿಲ್ಲ, ಅಷ್ಟೆ.

ಈ ಪದ್ಧತಿಯನ್ನು ಸಾರಾಸಗಟಾಗಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ನಮ್ಮ ರಾಜ್ಯದಲ್ಲಿ ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮ ಬಂದಾಗ ಅದರ ಹಿಂದೆ ಒಂದು ದೊಡ್ಡ ಆಸೆ ಇತ್ತು: ಮಗು ಬರೆದ ಉತ್ತರ ಪತ್ರಿಕೆಯನ್ನು ತಂದೆತಾಯಿ ಕೈಯಲ್ಲಿ ಹಿಡಿದು ನೋಡಬೇಕು, ಕಲಿಕೆಯ ಲೆಕ್ಕವನ್ನು ಶಾಲೆ ಊರಿನ ಮುಂದೆ ಒಪ್ಪಿಸಬೇಕು. ಶಾಲೆಯ ಗೇಟು ದಾಟಲು ಹಿಂಜರಿಯುತ್ತಿದ್ದ ಕೂಲಿಯ ಹೆಣ್ಣುಮಗಳಿಗೆ ಬೆಂಚಿನ ಮೇಲೆ ಕೂತು ಮೇಷ್ಟ್ರ ಮಾತು ಕೇಳುವ ಹಕ್ಕನ್ನು ಅದು ಕೊಟ್ಟಿತು. ಅದು ಸಣ್ಣ ಸಾಧನೆಯಲ್ಲ. 2019ರಲ್ಲಿ ಹಾಸನ ಜಿಲ್ಲೆ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶೇ 89.33 ಪಡೆದು ರಾಜ್ಯಕ್ಕೇ ಮೊದಲನೆಯದಾಯಿತು. ಮನಸ್ಸು ಮಾಡಿದರೆ ಇಡೀ ಜಿಲ್ಲೆಯ ಶಿಕ್ಷಕರೂ ಮನೆಗಳೂ ಒಂದು ಗುರಿಗೆ ಕೈಜೋಡಿಸಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನನ್ನ ತಕರಾರು ಇರುವುದು ಆ ಗುರಿಯ ಅಗಲದ ಬಗ್ಗೆ. ವರ್ಷವಿಡೀ ಮನೆಗೆ ತಲುಪುವ ಸುದ್ದಿಯೆಲ್ಲ ಪರೀಕ್ಷೆಯದ್ದೇ ಆಗಿ, ಮಗು ಮಾಡುವ ಕೆಲಸದ ಬಗ್ಗೆ ಶಾಲೆಯೂ ಹೇಳುವುದಿಲ್ಲ, ಮನೆಯನ್ನೂ ಕೇಳುವುದಿಲ್ಲ.

ಈ ಬೆಟ್ಟಸೀಮೆಯಲ್ಲಿ ಎರಡು ಕ್ಯಾಲೆಂಡರುಗಳಿವೆ. ಶಾಲೆಯದು ಜೂನ್ ಹೊತ್ತಿಗೆ ಶುರುವಾಗಿ ಏಪ್ರಿಲ್ ಮೊದಲ ಭಾಗಕ್ಕೆ ಮುಗಿಯುತ್ತದೆ, ನಡುವೆ ದಸರಾ ರಜೆ. ಕಾಫಿ ತೋಟದ್ದು ಬೇರೆ. ಜುಲೈ, ಆಗಸ್ಟಿನಲ್ಲಿ ಗದ್ದೆ ನಾಟಿ. ನವೆಂಬರ್ ಕೊನೆಯಿಂದ ಅರೇಬಿಕಾ ಹಣ್ಣು, ಸಂಕ್ರಾಂತಿ ಕಳೆದ ಮೇಲೆ ರೊಬಸ್ಟಾ, ಅದು ಮುಗಿಯುವಷ್ಟರಲ್ಲಿ ಮೆಣಸು. ದಸರಾ ರಜೆ ಬಂದಾಗ ತೋಟದಲ್ಲಿ ಅಂಥ ಅವಸರವಿಲ್ಲ. ತೋಟಕ್ಕೆ ಕೈ ಸಾಲದೆ ಇರುವಾಗ ಶಾಲೆಯಲ್ಲಿ ರೂಪಣಾತ್ಮಕ ಮೌಲ್ಯಮಾಪನ, ಪೂರ್ವಸಿದ್ಧತಾ ಪರೀಕ್ಷೆ, ಬೆಳಗ್ಗೆ ಸಂಜೆ ವಿಶೇಷ ತರಗತಿ. ಹಾನುಬಾಳು, ಹೆತ್ತೂರು, ಯಸಳೂರು ಕಡೆಯ ಹುಡುಗನೊಬ್ಬ ಜನವರಿಯಲ್ಲಿ ಶನಿವಾರ, ಸೋಮವಾರ ತಪ್ಪಿಸಿಕೊಂಡರೆ ಅವನು ಎಲ್ಲಿದ್ದಾನೆಂದು ಶಾಲೆಗೆ ಗೊತ್ತು. ಹಾಜರಿ ಪುಸ್ತಕದಲ್ಲಿ ಮಾತ್ರ ‘ಗೈರು’ ಎಂದಷ್ಟೇ ಇರುತ್ತದೆ.

ಆ ಗೈರಿನ ಬೆಲೆ ಎಷ್ಟೆಂದು ಮನೆಯವರಿಗೆ ಯಾರು ಹೇಳಬೇಕು? ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20 ಆಂತರಿಕ ಅಂಕಗಳು. ಅಂದರೆ 125 ಅಂಕ ಮಾರ್ಚ್ ಪರೀಕ್ಷೆಗೆ ಮೊದಲೇ, ವರ್ಷದ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಲ್ಲಿ ತೀರ್ಮಾನವಾಗುತ್ತವೆ. ಕೊನೆಯ ಎರಡು ಬೀಳುವುದು ಕೊಯ್ಲಿನ ಕಾಲಕ್ಕೇ. ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕೆಂಬ ಮಾತು ಹಾಜರಿ ಕೊರತೆ ಬಿದ್ದ ಮೇಲೆ ಮನೆ ಮುಟ್ಟಿದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. 2024ರಿಂದ ವರ್ಷಕ್ಕೆ ಮೂರು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಎಡವಿದವರು ಕೆಲವೇ ವಾರಗಳಲ್ಲಿ ಮತ್ತೆ ಬರೆಯಬಹುದು. ಇದನ್ನು ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಅಪ್ಪನಿಗೆ ಮೊದಲೇ, ಬಿಡಿಸಿ ಹೇಳಿದ್ದರೆ ‘ಫೇಲಾದ, ಇನ್ನೇನು, ನಾಳೆಯಿಂದ ತೋಟಕ್ಕೆ ಬರಲಿ’ ಎಂಬ ತೀರ್ಮಾನ ಒಂದೇ ರಾತ್ರಿಯಲ್ಲಿ ಆಗುತ್ತಿರಲಿಲ್ಲ.

ಎಂಟನೇ ತರಗತಿ ಮುಗಿಯುವ ಹೊತ್ತು ಇನ್ನೂ ಸೂಕ್ಷ್ಮವಾದದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಇರುವುದು ಆರರಿಂದ ಹದಿನಾಲ್ಕು ವರ್ಷದವರೆಗೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸುತ್ತದೆ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರ ಕೆಲಸಕ್ಕೆ ಕೈಜೋಡಿಸುವುದಕ್ಕೆ ವಿನಾಯಿತಿ ಕೊಡುತ್ತದೆ. ಹದಿನಾಲ್ಕು ದಾಟಿದವರಿಗೆ ಅಪಾಯಕಾರಿ ಕೆಲಸಗಳಲ್ಲಷ್ಟೇ ನಿಷೇಧ. ಓದುವ ಹಕ್ಕು ಸಡಿಲವಾಗುವ ವಯಸ್ಸಿನಲ್ಲೇ ದುಡಿಸಿಕೊಳ್ಳುವ ಬಾಗಿಲೂ ತೆರೆಯುತ್ತದೆ. ತೋಟದ ಕಾರ್ಮಿಕರಿಗಾಗಿಯೇ 1951ರಲ್ಲಿ ಬಂದ ಕಾಯ್ದೆ ಕೂಡ ಮಾಲೀಕರಿಂದ ಶಾಲೆಯ ಸೌಲಭ್ಯ ಕೇಳಬಹುದೆಂದು ಹೇಳಿದ್ದು ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ, ಅವರ ಸಂಖ್ಯೆ ಇಪ್ಪತ್ತೈದು ದಾಟಿದರೆ. ಪ್ರೌಢಶಾಲೆಯ ವಯಸ್ಸಿನವರನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಂಬತ್ತನೇ ತರಗತಿಯ ಮೊದಲ ಪೋಷಕರ ಸಭೆಯಲ್ಲಿ ಹೇಳಲೇಬೇಕಾದ ವಿಷಯ ಇದೊಂದಿದ್ದರೆ, ಅದೇ ಅಲ್ಲಿ ಕೇಳಿಬರುವುದಿಲ್ಲ.

ಇನ್ನು ‘ಕಾರ್ಯಾನುಭವ’. 1964–66ರ ಕೊಠಾರಿ ಆಯೋಗ ಈ ಹೆಸರಿನಲ್ಲಿ ಏನನ್ನು ಬಯಸಿತ್ತೆಂದು ಇವತ್ತು ಮತ್ತೆ ಓದಬೇಕು. ಶಾಲೆಯಲ್ಲಿ, ಮನೆಯಲ್ಲಿ, ಕಾರ್ಯಾಗಾರದಲ್ಲಿ, ಹೊಲದಲ್ಲಿ, ಕಾರ್ಖಾನೆಯಲ್ಲಿ, ಎಲ್ಲೇ ಆಗಲಿ ಮಗು ಉತ್ಪಾದಕ ಕೆಲಸದಲ್ಲಿ ಪಾಲ್ಗೊಳ್ಳುವುದನ್ನು ಆಯೋಗ ಶಿಕ್ಷಣದ ಭಾಗವೆಂದು ಕರೆದಿತ್ತು. ಅದಕ್ಕೂ ಮೊದಲು 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲ ಶಿಕ್ಷಣದ ಒಳದನಿಯೂ ಇದೇ. 1977ರ ಈಶ್ವರಭಾಯಿ ಪಟೇಲ್ ಸಮಿತಿಯ ಕಾಲಕ್ಕೆ ಅದು ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವಾಯಿತು, ವೇಳಾಪಟ್ಟಿಯಲ್ಲಿ ಒಂದು ಪಿರಿಯಡ್ ಆಯಿತು. ನಮ್ಮ ಶಾಲೆಗಳಲ್ಲಿ ಆ ಪಿರಿಯಡ್ ಮೈದಾನದ ಹುಲ್ಲು ಕೀಳುವುದಕ್ಕೋ ಗಣಿತದ ಬಾಕಿ ಪಾಠಕ್ಕೋ ಹೋಗುತ್ತದೆ. ವರ್ಷದ ಕೊನೆಗೆ ಪ್ರಗತಿ ಪತ್ರದ ಸಹಪಠ್ಯ ಭಾಗದಲ್ಲಿ ಎಲ್ಲರಿಗೂ ಒಂದು ಒಳ್ಳೆಯ ಗ್ರೇಡು. ಏನು ಕೆಲಸಕ್ಕೆ ಆ ಗ್ರೇಡು ಎಂದು ಅಮ್ಮ ಕೇಳಿದರೆ ಮಗಳಲ್ಲೂ ಉತ್ತರವಿಲ್ಲ.

ಅದೇ ಮಗಳು ಭಾನುವಾರ ಏನು ಮಾಡಿರುತ್ತಾಳೆ? ಕಾಫಿ ಕಣದಲ್ಲಿ ಹರಡಿದ ಹಣ್ಣನ್ನು ಗಂಟೆಗೊಮ್ಮೆ ಕೆದಕಿ ತಿರುವಿ ಹಾಕಿರುತ್ತಾಳೆ. ಸಂಜೆ ಇಬ್ಬನಿ ಬೀಳುವ ಮೊದಲು ಒಟ್ಟು ಮಾಡಿ ಟಾರ್ಪಾಲು ಹೊದಿಸಿರುತ್ತಾಳೆ. ಒಣಗಿತೇ ಇಲ್ಲವೇ ಎಂದು ಅವಳ ಅಪ್ಪ ಹಲ್ಲಿನಲ್ಲಿ ಕಚ್ಚಿ ನೋಡುತ್ತಾನೆ. ಅಳತೆಯ ಡಬ್ಬಕ್ಕೆ ತುಂಬಿ ತೂಗಿ, ಎರಡು ದಿನ ಒಂದೇ ತೂಕ ಬಂದರೆ ಒಣಗಿದೆ ಎಂದು ತಿಳಿಯುವ ಲೆಕ್ಕವೂ ಇದೆ. ಸಿಪ್ಪೆ ತೆಗೆದು ಒಣಗಿಸಿದ ಅರೇಬಿಕಾ ಪಾರ್ಚ್‌ಮೆಂಟಿಗೆ ಶೇ 10 ತೇವಾಂಶ, ಹಣ್ಣಾಗಿಯೇ ಒಣಗಿಸಿದ ರೊಬಸ್ಟಾ ಚೆರ್ರಿಗೆ ಶೇ 11 ಎಂಬ ಕಾಫಿ ಮಂಡಳಿಯ ಅಳತೆಯ ಹಿಂದೆ ಆವಿಯಾಗುವಿಕೆಯ ಪಾಠವಿದೆ, ಶೇಕಡಾವಾರಿನ ಲೆಕ್ಕವಿದೆ, ಬೂಸ್ಟು ಹಿಡಿಯುವುದು ಯಾಕೆ ಎಂಬ ಜೀವಶಾಸ್ತ್ರವಿದೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನಿಂದ ಬಂದ ನೀರನ್ನು ಹಳ್ಳಕ್ಕೆ ಬಿಟ್ಟರೆ ಹೇಮಾವತಿ ಹೊಳೆಯಲ್ಲಿ ಏನಾಗುತ್ತದೆಂಬುದು ಪರಿಸರದ ಪಾಠ. ಕೆಜಿಗೆ ಇಷ್ಟು ಎಂದು ಹಣ್ಣು ಬಿಡಿಸಿದ ಅಮ್ಮನ ಚೀಟಿಯನ್ನೂ ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕವನ್ನೂ ತಾಳೆ ನೋಡುವುದು ಆ ಮನೆಗೆ ಬೇಕೇಬೇಕಾದ ಗಣಿತ. ಪ್ರತಿ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಕಿರುಪರೀಕ್ಷೆಯ ಜೊತೆ ಚಟುವಟಿಕೆಗಳಿಗೂ ಅಂಕವಿದೆ. ಆ ಜಾಗಕ್ಕೆ ಅಂಗಡಿಯಿಂದ ತಂದ ಥರ್ಮೋಕೋಲಿನ ಮಾದರಿ ಬರುತ್ತದೆ, ಕಣದ ಹದಿನೈದು ದಿನದ ತೂಕದ ಪಟ್ಟಿ ಬರುವುದಿಲ್ಲ. ಇದನ್ನು ನಾನು ಈ ಪದ್ಧತಿಯ ಅತಿದೊಡ್ಡ ಸೋಲು ಎನ್ನುತ್ತೇನೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರದ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ತೋಟದ ಕೆಲಸವೆಲ್ಲ ಕಲಿಕೆಯಲ್ಲ. ಸ್ವಂತ ಎರಡೆಕರೆಯ ಕಣದಲ್ಲಿ ಅಪ್ಪನ ಪಕ್ಕ ನಿಂತು ತೂಕ ಬರೆದುಕೊಳ್ಳುವ ಮಗುವಿಗೂ, ಅಮ್ಮನ ಚೀಲ ತುಂಬಲಿ ಎಂದು ಬೆಳಗಿನಿಂದ ಸಂಜೆತನಕ ಹಣ್ಣು ಬಿಡಿಸುವ ಮಗುವಿಗೂ ಬಹಳ ವ್ಯತ್ಯಾಸವಿದೆ. ಔಷಧಿ ಹೊಡೆಯುವುದು, ಮೆಣಸಿಗೆ ಏಣಿ ಹತ್ತುವುದು, ಕಾಡಾನೆ ತಿರುಗುವ ಹೊತ್ತಿನಲ್ಲಿ ತೋಟದೊಳಗಿರುವುದು ಮಕ್ಕಳ ಕೆಲಸ ಯಾವತ್ತೂ ಅಲ್ಲ. ‘ಸ್ಥಳೀಯ ಕಸುಬು’ ಎಂಬ ಒಳ್ಳೆಯ ಹೆಸರಿನಲ್ಲಿ ಕೂಲಿಯವರ ಮಗುವನ್ನು ಕೂಲಿಗೇ ತಯಾರು ಮಾಡುವ ಅಪಾಯ ನಿಜವಾದದ್ದು. ಸಾಹುಕಾರರ ಮಕ್ಕಳು ಬೆಂಗಳೂರು, ಮಂಗಳೂರಿನ ಹಾಸ್ಟೆಲಿನಲ್ಲಿ ಓದುವಾಗ ಲೈನಿನ ಮಗುವಿಗೆ ಮಾತ್ರ ಕಣದ ಪಾಠ ಸಾಕು ಎಂದರೆ ನಾನು ಒಪ್ಪುವುದಿಲ್ಲ. ಹಾಗಾಗಿಯೇ ಯಾವುದು ಕಲಿಕೆ, ಯಾವುದು ದುಡಿಸಿಕೊಳ್ಳುವುದು ಎಂಬ ಗೆರೆಯನ್ನು ಶಿಕ್ಷಕರೂ ಪೋಷಕರೂ ಎದುರುಬದುರು ಕೂತು ಎಳೆಯಬೇಕು. ಕೆಲಸದ ಮಾತನ್ನೇ ಎತ್ತದ ಸಭೆಯಲ್ಲಿ ಆ ಗೆರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ಒಂಬತ್ತನೇ ತರಗತಿಯಿಂದ ವೃತ್ತಿ ಶಿಕ್ಷಣ ಬಂದಿದೆ. ಎನ್‌ಎಸ್‌ಕ್ಯೂಎಫ್ ಎಂದು ಕರೆಯುವ ಈ ಯೋಜನೆಯಲ್ಲಿ ತೃತೀಯ ಭಾಷೆಯ ಬದಲು ಐಟಿ, ಆಟೊಮೊಬೈಲ್, ಆರೋಗ್ಯ ಸೇವೆ, ಬ್ಯೂಟಿ ಅಂಡ್ ವೆಲ್‌ನೆಸ್‌ನಂಥ ವಿಷಯ ತೆಗೆದುಕೊಳ್ಳಬಹುದು. ಯೋಚನೆ ಒಳ್ಳೆಯದು. ಆದರೆ ಇದು ಆಯ್ಕೆ. ಆಯ್ಕೆ ಮಾಡಬೇಕಾದವರಿಗೆ ಎಂಟನೇ ತರಗತಿ ಮುಗಿಯುವ ಮೊದಲೇ ತಿಳಿಯಬೇಕಾದ ಸಂಗತಿಗಳಿವೆ: ಹಿಂದಿ ಬಿಟ್ಟರೆ ಮುಂದೆ ಏನಾಗುತ್ತದೆ, ಪಿಯುಸಿಗೆ, ಐಟಿಐಗೆ, ಡಿಪ್ಲೊಮಾಗೆ ಇದರಿಂದ ತೊಡಕೋ ಅನುಕೂಲವೋ, ಪ್ರಾಯೋಗಿಕ ಕೆಲಸಕ್ಕೆ ಮಗುವನ್ನು ಎಲ್ಲಿಗೆ ಕರೆದೊಯ್ಯುತ್ತಾರೆ. ಹೆಣ್ಣುಮಕ್ಕಳ ಮನೆಯವರಿಗೆ ಕೊನೆಯ ಪ್ರಶ್ನೆಯೇ ಮೊದಲನೆಯದು. ದೋಣಿಗಾಲ್‌ನಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರವಿದೆ, ಪಕ್ಕದ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಇಂಥ ಕಡೆ ಮಕ್ಕಳ ಜೊತೆ ನಾಲ್ಕು ಜನ ಪೋಷಕರೂ ಹೋಗಿಬಂದರೆ, ಕೂಲಿಯಾಗದೆಯೂ ಕಾಫಿಯ ಸುತ್ತ ಬದುಕು ಕಟ್ಟಿಕೊಂಡವರಿದ್ದಾರೆ ಎಂಬುದು ಕಣ್ಣಿಗೆ ಕಾಣುತ್ತದೆ. ಕಾಫಿ ಗಿಡದ ಕಾಂಡ ಕೊರೆಯುವ ಬೋರರ್ ಹುಳ ಹುಡುಕಿ ಗಿಡ ಕಿತ್ತು ಸುಟ್ಟ ಹೆಂಗಸಿಗೆ ಅದೇ ಹುಳದ ಮೇಲೆ ಓದಿದ ವಿಜ್ಞಾನಿಯೊಡನೆ ಮಾತಾಡುವುದಕ್ಕೆ ಬಹಳ ಇರುತ್ತದೆ.

ಮಾಹಿತಿ ಮುಟ್ಟಿಸುವುದು ಇಲ್ಲಿ ಆಗದ ಮಾತು ಎನ್ನುವವರು ಕಾಡಾನೆಯ ಸುದ್ದಿ ಹೇಗೆ ಹರಡುತ್ತದೆಂದು ನೋಡಬೇಕು. ಆನೆ ಯಾವ ತೋಟದಲ್ಲಿದೆ ಎಂಬುದನ್ನು ಅರಣ್ಯ ಇಲಾಖೆ ಮೆಸೇಜು, ಧ್ವನಿ ಕರೆ, ದಾರಿಬದಿಯ ಫಲಕಗಳ ಮೂಲಕ ತಿಳಿಸುತ್ತದೆ. ಓದಲು ಬಾರದವರೂ ಕಿವಿಯಿಂದ ಕೇಳಿ ದಾರಿ ಬದಲಿಸುತ್ತಾರೆ. ಶಾಲೆಯ ಸುತ್ತೋಲೆ ಮಾತ್ರ ಇನ್ನೂ ಕಚೇರಿ ಕನ್ನಡದಲ್ಲಿ, ಪಿಡಿಎಫ್ ಆಗಿ, ಮಗುವಿನ ಅಣ್ಣನ ವಾಟ್ಸಾಪಿಗೆ ಬರುತ್ತದೆ. ಲೈನ್ ಮನೆಗಳಲ್ಲಿ ತಮಿಳು, ತುಳು ಮಾತಾಡುವವರಿದ್ದಾರೆ, ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದವರಿದ್ದಾರೆ. ಒಂದು ನಿಮಿಷದ ಧ್ವನಿ ಸಂದೇಶ, ಮೇಷ್ಟ್ರ ಸ್ವಂತ ಗಂಟಲಿನಲ್ಲಿ, ‘ನಿಮ್ಮ ಹುಡುಗಿ ಈ ತಿಂಗಳು ಆರು ದಿನ ಬಂದಿಲ್ಲ ಕಣಮ್ಮ, ಮುಂದಿನ ವಾರ ವಿಜ್ಞಾನದ ಚಟುವಟಿಕೆ ಇದೆ’ ಎಂದರೆ ಅದು ಹತ್ತು ಸುತ್ತೋಲೆಗಿಂತ ದೂರ ಹೋಗುತ್ತದೆ. ಸಂಜೆಯ ವಿಶೇಷ ತರಗತಿ ಮುಗಿಯುವ ಹೊತ್ತಿಗೂ ಕೊನೆಯ ಬಸ್ಸಿಗೂ ಆನೆ ರಸ್ತೆ ದಾಟುವ ಹೊತ್ತಿಗೂ ಹೊಂದಾಣಿಕೆ ಇಲ್ಲವೆಂಬುದನ್ನು ಪೋಷಕರೂ ಅದೇ ದಾರಿಯಲ್ಲಿ ಶಾಲೆಗೆ ತಿಳಿಸಬಹುದು.

ಸಭೆಯ ದಿನವನ್ನೂ ಬದಲಿಸಬೇಕು. ಬಹಳಷ್ಟು ತೋಟಗಳಲ್ಲಿ ವಾರದ ರಜೆ ಸಂತೆ ದಿನವೇ. ನವೆಂಬರಿನಲ್ಲಿ, ಹಣ್ಣು ಕೆಂಪೇರುವ ಮೊದಲು, ಅಂಥ ಒಂದು ದಿನ ಸಂಜೆ ಶಾಲೆಯವರೇ ಲೈನಿಗೋ ಊರ ಸಮುದಾಯ ಭವನಕ್ಕೋ ಹೋಗಲಿ. ಕೊಯ್ಲಿನ ಮೂರು ತಿಂಗಳಲ್ಲಿ ಯಾವ ಯಾವ ದಿನ ಮಗು ಶಾಲೆಯಲ್ಲಿ ಇರಲೇಬೇಕು ಎಂಬುದನ್ನು ಗೋಡೆಗೆ ಅಂಟಿಸುವಷ್ಟು ದೊಡ್ಡ ಅಕ್ಷರದಲ್ಲಿ ಬರೆದು ಕೊಡಲಿ. ಮಗು ಮನೆಯಲ್ಲಿ, ತೋಟದಲ್ಲಿ ಏನೇನು ಕೆಲಸ ಮಾಡುತ್ತದೆ, ಎಷ್ಟು ಹೊತ್ತು ಮಾಡುತ್ತದೆ ಎಂದು ಕೇಳಿ ಬರೆದುಕೊಳ್ಳಲಿ. ಪ್ರಗತಿ ಪತ್ರದಲ್ಲಿ ಕಾರ್ಯಾನುಭವದ ಎದುರು ಬರೆಯುವ ಗ್ರೇಡು ಆ ಬರಹದಿಂದ ಹುಟ್ಟಲಿ. ಬರೆದುಕೊಂಡ ಗಂಟೆಗಳು ಹೆಚ್ಚಾಗಿ ಕಂಡ ಮನೆಗೆ ಡಿಸೆಂಬರಿನಲ್ಲಿ ಇನ್ನೊಮ್ಮೆ ಹೋಗಿಬರುವ ಹೊಣೆಯನ್ನು ತರಗತಿ ಶಿಕ್ಷಕರಿಗೆ ಒಪ್ಪಿಸಲಿ, ಆ ದಿನವನ್ನು ಅವರ ಕರ್ತವ್ಯದ ದಿನವೆಂದೇ ಲೆಕ್ಕ ಹಿಡಿಯಲಿ.