ಬಿಡುಗಡೆ ಪತ್ರ ಎಂಬ ಒಂದು ಹಾಳೆ

ಇಟ್ಟಿಗೆ ಗೂಡಿನಲ್ಲಿ ಮಕ್ಕಳಿಗೆಂದೇ ಒಂದು ಕೆಲಸವಿದೆ. ಅಪ್ಪ ಮಣ್ಣು ಕಲಸುತ್ತಾನೆ, ಅಮ್ಮ ಅಚ್ಚಿಗೆ ತುಂಬಿ ಸಾಲಾಗಿ ಹಾಕುತ್ತಾಳೆ. ಆ ಹಸಿ ಇಟ್ಟಿಗೆಗಳನ್ನು ಬಿಸಿಲಿಗೆ ಮಗ್ಗುಲು ಹೊರಳಿಸುವುದು ಮಗುವಿನ ಪಾಲು. ದೊಡ್ಡವರು ಕಾಲಿಟ್ಟರೆ ಹಸಿ ಇಟ್ಟಿಗೆ ಅಪ್ಪಚ್ಚಿ. ಏಳೆಂಟು ವರ್ಷದ ಕೂಸಿನ ಭಾರವನ್ನು ಅದು ತಡೆದುಕೊಳ್ಳುತ್ತದೆ. ಸಾವಿರ ಇಟ್ಟಿಗೆಗೆ ಇಷ್ಟು ಎಂದು ಕೂಲಿ. ಆ ಸಾವಿರದಲ್ಲಿ ಕೂಸಿನ ದುಡಿಮೆಯೂ ಸೇರಿರುತ್ತದೆ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದರ ಹೆಸರಿರುವುದಿಲ್ಲ.

ಒಡಿಶಾದ ಬಲಾಂಗೀರ್, ನುವಾಪಡಾ ಸೀಮೆಯಿಂದ ತೆಲಂಗಾಣ, ಆಂಧ್ರದ ಗೂಡುಗಳಿಗೆ, ನಮ್ಮ ಬೆಂಗಳೂರಿನ ಸುತ್ತಲಿನ ಗೂಡುಗಳಿಗೂ, ಸಂಸಾರಕ್ಕೆ ಸಂಸಾರವೇ ಹೀಗೆ ಬರುತ್ತದೆ. ಹೊಸ ಅಕ್ಕಿಯ ನುವಾಖಾಯಿ ಹಬ್ಬದ ಆಸುಪಾಸಿನಲ್ಲಿ ಗೂಡುಗಳಿಗೆ ಆಳು ಒದಗಿಸುವ ಸರ್ದಾರ ಊರಿಗೆ ಬಂದು ಮುಂಗಡ ಕೊಡುತ್ತಾನೆ. ಅಲ್ಲಿ ಹೀಗೆ ಹೋಗುವವರನ್ನು ದಾದನ್ ಎನ್ನುತ್ತಾರೆ. ನಮ್ಮ ಹಳೆಯ ಮಾತಿನಲ್ಲಿ ಜೀತದಾಳು. ಇದೂ ಮಾನವ ಕಳ್ಳಸಾಗಣೆಯೇ. ಆದರೆ ಆ ಮಾತು ಕೇಳಿದೊಡನೆ ನಾವು ರಾತ್ರೋರಾತ್ರಿ ಹೊತ್ತೊಯ್ಯುವ ವ್ಯಾನನ್ನು ನೆನೆಯುತ್ತೇವೆ. ಇವರು ಹಗಲಲ್ಲೇ ರೈಲು ಹತ್ತಿ ಬರುತ್ತಾರೆ. ತಾವೇ ಒಪ್ಪಿ ಬಂದವರಲ್ಲವೇ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. 2013ರಲ್ಲಿ ದಂಡ ಸಂಹಿತೆಯ 370ನೇ ಕಲಮನ್ನು ತಿದ್ದಿದಾಗಲೇ, ಸಾಗಿಸಲ್ಪಟ್ಟವರ ಒಪ್ಪಿಗೆ ಗಣನೆಗೆ ಬಾರದು ಎಂದು ಬರೆದಾಗಿದೆ. ಆದರೂ ಆ ಪ್ರಶ್ನೆ ಕಚೇರಿಗಳಲ್ಲಿ ಇನ್ನೂ ನಿಂತಿಲ್ಲ.

1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನು ಓದಿದಾಗಲೆಲ್ಲ ನನಗೆ ಅದನ್ನು ಬರೆದವರ ಬಗ್ಗೆ ಗೌರವ ಹುಟ್ಟುತ್ತದೆ. ಜೀತದ ಸಾಲ ಅಂದಿಗೇ ಸತ್ತಿತು ಎಂದು ಅದು ಸಾರುತ್ತದೆ. ಇದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊರೆಯನ್ನು ಸಾಲ ಕೊಟ್ಟವನ ಹೆಗಲಿಗೇ ಹಾಕುತ್ತದೆ. ಓದು ಬರಹ ಬಾರದ ಕೂಲಿಯವನ ಕಷ್ಟವನ್ನು ಹತ್ತಿರದಿಂದ ಬಲ್ಲವರು ಮಾತ್ರ ಹೀಗೆ ಬರೆಯಬಲ್ಲರು. 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತು.

ಇಷ್ಟು ಗಟ್ಟಿಯಾದ ಕಾನೂನು ಸೊರಗುವುದು ಒಂದು ಹಾಳೆಯ ಹತ್ತಿರ. ಅದರ ಹೆಸರು ಬಿಡುಗಡೆ ಪತ್ರ. ಕೆಲಸಗಾರರ ಹೆಸರು, ಊರು, ದುಡಿದ ಜಾಗ, ಸಾಲ ರದ್ದಾಯಿತೆಂಬ ಮಾತು, ಕೆಳಗೆ ಸಹಿ ಮತ್ತು ಮೊಹರು. ಅದಿಲ್ಲದವರು ಸರ್ಕಾರದ ಕಣ್ಣಿಗೆ ಬರೀ ಕೆಲಸ ಬಿಟ್ಟು ಹೊರಟವರು. ಅದನ್ನು ಕೊಡಬೇಕಾದ ಉಪವಿಭಾಗಾಧಿಕಾರಿ ತನ್ನ ವ್ಯಾಪ್ತಿಯಲ್ಲಿ ಜೀತ ಇತ್ತೆಂದು ಬರೆದು ಒಪ್ಪಿಕೊಳ್ಳಬೇಕಾಗುತ್ತದೆ, ಅಲ್ಲೇ ಪೆನ್ನು ತಡೆಯುತ್ತದೆ. ಕೂಲಿ ಬಾಕಿ ತಕರಾರು ಎಂದು ಬರೆದುಕೊಂಡು, ಮಾಲೀಕನಿಂದ ನಾಲ್ಕು ಕಾಸು ಕೊಡಿಸಿ, ಬಸ್ಸು ಹತ್ತಿಸಿ ಕಳಿಸಿದರೆ ಕಡತ ಮುಗಿಯಿತು. ನನ್ನ ದೊಡ್ಡ ತಕರಾರು ಇದರ ಬಗ್ಗೆಯೇ. ಬಸ್ಸು ಹತ್ತಿಸಿದ್ದನ್ನೇ ರಕ್ಷಣೆ ಎಂದು ಕರೆಯುವುದನ್ನು ನಾನು ಒಪ್ಪಲಾರೆ.

ಪತ್ರ ಕೈಗೆ ಬಂದರೂ ದಾರಿ ಸಲೀಸಲ್ಲ. 2016ರ ಕೇಂದ್ರ ಪುನರ್ವಸತಿ ಯೋಜನೆ ಗಂಡಸರಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ತೀರ ಕ್ರೂರವಾದ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಎಂದು ಗೊತ್ತು ಮಾಡಿತು. ಹಿಂದಿನ 20,000ಕ್ಕೆ ಹೋಲಿಸಿದರೆ ಇದು ನಿಜವಾಗಿಯೂ ದೊಡ್ಡ ಮನಸ್ಸು. ಆದರೆ ತಕ್ಷಣ ಕೈಗೆ ಸಿಗಬಹುದಾದದ್ದು ಈಗ 30,000 ರೂಪಾಯಿವರೆಗೆ ಮಾತ್ರ. ಉಳಿದದ್ದನ್ನು ಮಾಲೀಕನ ಮೇಲಿನ ಮೊಕದ್ದಮೆಗೆ ಕಟ್ಟಿಹಾಕಿದ್ದಾರೆ. ಮೊಕದ್ದಮೆ ಎಳೆಯುವುದು ಪೊಲೀಸರು, ವಕೀಲರು, ಕೋರ್ಟು. ಅದರ ಫಲಕ್ಕೆ ಕಾಯಬೇಕಾದವರು ಎಂಟುನೂರು ಮೈಲಿಯಾಚೆ ಗುಡಿಸಲಲ್ಲಿರುವ ಗಂಡ ಹೆಂಡತಿ. ಕೊನೆಗೆ ಮಾಲೀಕನ ತಪ್ಪು ಸಾಬೀತಾದರೂ ಜೀತದ ಕಾಯ್ದೆಯಡಿ ದಂಡ ಗರಿಷ್ಠ 2,000 ರೂಪಾಯಿ. 1976ರಲ್ಲಿ ಬರೆದ ಅಂಕಿ ಅದು, ಇಂದಿಗೂ ಬದಲಾಗಿಲ್ಲ.

2030ರೊಳಗೆ 1.84 ಕೋಟಿ ಜೀತದಾಳುಗಳನ್ನು ಬಿಡಿಸುತ್ತೇವೆಂದು ಕೇಂದ್ರ ಸರ್ಕಾರ 2016ರಲ್ಲಿ ಹೇಳಿತು. ಎಪ್ಪತ್ತರ ದಶಕದಿಂದ ಈಚೆಗೆ ಸರ್ಕಾರದ ಲೆಕ್ಕಕ್ಕೆ ಸಿಕ್ಕ ಬಿಡುಗಡೆಯೇ 3 ಲಕ್ಷ ಚಿಲ್ಲರೆ. ಗುರಿಯನ್ನು ದೊಡ್ಡದಾಗಿ ಬರೆಯುವವರು ಒಂದು ಹಾಳೆಗೆ ಸಹಿ ಹಾಕುವುದನ್ನು ಸುಲಭ ಮಾಡಬಹುದಿತ್ತು. ಜೀತ ಕಂಡ ದಿನವೇ ಪತ್ರ ಕೊಡಲಿ, ಪುನರ್ವಸತಿಯ ಹಣವನ್ನು ಮೊಕದ್ದಮೆಯಿಂದ ಪೂರ್ತಿ ಬಿಡಿಸಲಿ. ಜೀತವನ್ನು ಪತ್ತೆ ಮಾಡಿದ ಅಧಿಕಾರಿಗೆ ಅದು ಕಳಂಕವಾಗದೆ ಹೆಗ್ಗಳಿಕೆಯಾಗಲಿ.

ಮಳೆಗಾಲದ ಕೊನೆಗೆ ಹೊಸ ಅಕ್ಕಿಯ ಹಬ್ಬ ಬರುವಾಗ ಸರ್ದಾರ ಮತ್ತೆ ಬಲಾಂಗೀರಿನ ಆ ಮನೆಯ ಜಗಲಿಯಲ್ಲಿ ಕೂತಿರುತ್ತಾನೆ. ಅವನು ಅರ್ಜಿ ಕೇಳುವುದಿಲ್ಲ, ಪತ್ರ ಕೇಳುವುದಿಲ್ಲ, ತೀರ್ಪಿಗೆ ಕಾಯುವುದಿಲ್ಲ. ಮನೆಯಲ್ಲಿ ದುಡಿಯುವ ಕೈ ಎಷ್ಟಿವೆ ಎಂದು ಎಣಿಸಿ, ನೋಟುಗಳನ್ನು ಅಲ್ಲೇ ಇಡುತ್ತಾನೆ.