ಕಾಡು ತೋರಿಸಿದ ಶಬರಿ

ಶಬರಿ ಎಂದೊಡನೆ ನಮಗೆ ನೆನಪಾಗುವುದು ಎಂಜಲು ಹಣ್ಣು, ಬಾಗಿದ ಬೆನ್ನು, ದಾರಿ ಕಾಯುವ ಕಣ್ಣು. ವಾಲ್ಮೀಕಿಯಲ್ಲಿ ಹಣ್ಣು ಕಚ್ಚಿ ನೋಡುವ ಪ್ರಸಂಗವೇ ಇಲ್ಲ. ಅದು ಆಮೇಲಿನ ಭಕ್ತಿಪರಂಪರೆ ಸೇರಿಸಿದ್ದು. ಅಲ್ಲಿನ ಶಬರಿ ಮತಂಗಾಶ್ರಮದ ತಪಸ್ವಿನಿ. ಪಂಪಾತೀರದಲ್ಲಿ ಕೂಡಿಟ್ಟದ್ದನ್ನು ಅತಿಥಿಗಳಿಗೆ ಕೊಟ್ಟ ಮೇಲೆ ಅವಳು ಅವರಿಗೆ ಕಾಡನ್ನು ತೋರಿಸುತ್ತಾಳೆ. ಇದು ಗುರುಗಳ ವೇದಿ, ಇವು ಬಾಡದ ಹೂಗಳು, ಇವು ಮರದ ಮೇಲೆ ಇನ್ನೂ ಆರದ ನಾರುಮಡಿಗಳು. ಆ ಜಾಗದ ನೆನಪೆಲ್ಲ ಉಳಿದಿರುವುದು ಅವಳೊಬ್ಬಳಲ್ಲಿ.

ವಿ. ಸೀತಾರಾಮಯ್ಯನವರ ‘ಶಬರಿ’ ಸುಗಮ ಸಂಗೀತದ ಮೂಲಕ ಕನ್ನಡಿಗರ ಮನೆಮನೆ ಸೇರಿದ ಕವಿತೆ. ಅದರ ಆರ್ದ್ರತೆಗೆ ಮನಸೋಲದವರು ಕಡಿಮೆ. ಆದರೆ ಆ ಹಾಡಿನಿಂದ ನಮ್ಮಲ್ಲಿ ಉಳಿದವಳು ಕಾಯುವ ಶಬರಿ ಮಾತ್ರ. ಕುವೆಂಪು 1949ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಯನ್ನೂ ಮಮತೆಯ ಹೆಣ್ಣಾಗಿ ಕಂಡವರು. ಅಂಥ ಮರುನೋಟ ಶಬರಿಯ ಕಾಡಿಗೂ ಬೇಕು ಎನಿಸುತ್ತದೆ.

ಕಾಡನ್ನೇ ಹೆಣ್ಣಾಗಿ ಕಂಡ ಸಿನಿಮಾ ಒಂದಿದೆ. ಜಿ. ಅರವಿಂದನ್ ಅವರ ಮಲಯಾಳಂ ಚಿತ್ರ ‘ಕಾಂಚನ ಸೀತಾ’, 1977ರದ್ದು. ಸಿ. ಎನ್. ಶ್ರೀಕಂಠನ್ ನಾಯರ್ ಅವರ ನಾಟಕ ಅದಕ್ಕೆ ಆಧಾರ. ಚಿತ್ರದಲ್ಲಿ ಸೀತೆಯೇ ಇಲ್ಲ. ಗಾಳಿ ಬೀಸಿದಾಗ, ಎಲೆ ಅಲುಗಿದಾಗ, ನೀರು ಕದಡಿದಾಗ ಅವಳಿದ್ದಾಳೆ ಎಂದು ನಾವು ತಿಳಿಯಬೇಕು. ರಾಮ ಲಕ್ಷ್ಮಣರಾಗಿ ನಟಿಸಿದವರು ಆಂಧ್ರದ ರಾಮಚೆಂಚು ಆದಿವಾಸಿಗಳು. ಕಿರೀಟ, ಬಣ್ಣದ ಬಟ್ಟೆಯ ಪೌರಾಣಿಕ ಚಿತ್ರಗಳಿಗೆ ಒಗ್ಗಿಹೋದ ನಮಗೆ ಇದು ಚಿತ್ರವೇ ಹೌದೋ ಅಲ್ಲವೋ ಎಂಬ ಅನುಮಾನ ಮೊದಲ ಹತ್ತು ನಿಮಿಷ ಕಾಡುತ್ತದೆ. ಆಮೇಲೆ ಕಣ್ಣು ಪಳಗುತ್ತದೆ, ಪ್ರತಿ ಗಾಳಿಯಲ್ಲೂ ಅವಳನ್ನು ಹುಡುಕತೊಡಗುತ್ತೇವೆ. ಇದು ದೊಡ್ಡ ಸಾಧನೆಯೇ.

ಆದರೂ ನಮ್ಮದೊಂದು ತಕರಾರಿದೆ. ಹೆಣ್ಣನ್ನು ಪ್ರಕೃತಿ ಎಂದು ಕರೆದು ಗೌರವಿಸಿದಾಗ ಅವಳ ಬಾಯಿಯೂ ಹೋಗುತ್ತದೆ. ಅನ್ಯಾಯಕ್ಕೊಳಗಾದ ಸೀತೆ ಒಂದು ಮಾತೂ ಆಡದೆ ಎಲೆಯಾಗಿ ಅಲುಗಿದರೆ ರಾಮನಿಗೂ ಪ್ರೇಕ್ಷಕನಿಗೂ ನೆಮ್ಮದಿ. ಆ ಎಲೆಯೂ ಉಳಿಯದ ಕಡೆ?

ಅದೇ 1977ರಲ್ಲಿ ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಕಬ್ಬಿಣದ ಅದಿರಿನ ಗಣಿ ಶುರುವಾಯಿತು. ಹಂಪಿಯ ಮತಂಗ ಪರ್ವತ, ಆನೆಗೊಂದಿ ಬಳಿಯ ಪಂಪಾ ಸರೋವರ, ಅಲ್ಲಿನ ಶಬರಿ ಗುಹೆ, ಇವೆಲ್ಲ ಇದೇ ಸೀಮೆಯವು. ದಕ್ಷಿಣಕ್ಕೆ ಹೊಸಪೇಟೆ ದಾಟಿದರೆ ಸಂಡೂರಿನ ಬೆಟ್ಟಸಾಲು. ಗಣಿ ಅನ್ನ ಕೊಟ್ಟಿದೆ, ಅದನ್ನು ಮರೆಮಾಚಬೇಕಿಲ್ಲ. ಸುತ್ತಲ ಬೆಟ್ಟಗಳಲ್ಲಿ ಖಾಸಗಿ ಗಣಿಗಾರಿಕೆ ಮಿತಿಮೀರಿ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಳಿಗೆ ತಡೆಯೊಡ್ಡಬೇಕಾಗಿ ಬಂತು. ಆ ವರ್ಷಗಳಲ್ಲಿ ರಸ್ತೆಬದಿಯ ಎಲೆ ಹಸಿರಾಗಿರಲಿಲ್ಲ, ಕೆಂಪಾಗಿತ್ತು.

ಈ ಬೆಟ್ಟಗಳಲ್ಲಿ ಯಾರಾದರೂ ಶಬರಿಯ ಚಿತ್ರ ತೆಗೆಯುವುದಾದರೆ ಅರವಿಂದನ್ ಅವರ ತಾಳ್ಮೆ ಬೇಕು, ಅವರ ಮೌನ ಬೇಡ. ನಮಗೆ ಬೇಕಾದ ಶಬರಿ ಅತಿಥಿಯನ್ನು ಜೊತೆಗೆ ಕರೆದುಕೊಂಡು ನಡೆಯುವವಳು. ಇಲ್ಲಿ ಯಾವ ಮರವಿತ್ತು, ಯಾವ ಝರಿಯಿತ್ತು ಎಂದು ಬೆರಳು ತೋರಿಸಿ ಹೇಳುವವಳು. ವಾಲ್ಮೀಕಿಯ ಶಬರಿ ಕಾಡನ್ನೆಲ್ಲ ತೋರಿಸಿ ಮುಗಿಸಿದ ಮೇಲೆಯೇ ರಾಮನ ಅಪ್ಪಣೆ ಕೇಳಿ ಬೆಂಕಿಗೆ ನಡೆದಳು.