ಬೆಂಚಿನ ಮೇಲೆ ಹೆಸರು, ಬೇರಿಗೆ ಯಾರ ನೀರು?

ದಾನ ಕೊಟ್ಟ ಆಕಳ ಹಲ್ಲು ಹಿಡಿದು ನೋಡಬಾರದು ಎನ್ನುತ್ತಾರೆ. ಮನೆಗೆ ಬಂದ ಉಡುಗೊರೆಯ ಮಟ್ಟಿಗೆ ಅದು ಒಳ್ಳೆಯ ನಡತೆ. ಊರಿನ ಉದ್ಯಾನಕ್ಕೆ ಬರುವ ದಾನದ ವಿಷಯದಲ್ಲಿ ಅದೇ ಮಾತು ದುಬಾರಿಯಾಗುತ್ತದೆ. ಆಕಳು ಕೊಟ್ಟವರು ಕೈಮುಗಿಸಿಕೊಂಡು ಹೊರಟುಹೋಗುತ್ತಾರೆ, ದಿನಾ ಮೇವು ಹಾಕಬೇಕಾದವರು ಊರಿನವರು. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಕಾಣುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಆ ಮೇವೆಂದರೆ ನೀರು ಮತ್ತು ಮಾಲಿಯ ಸಂಬಳ. ದಾನದ ಹಣದಲ್ಲಿ ಉದ್ಯಾನ ಸುಧಾರಿಸುವ ಪದ್ಧತಿಯನ್ನು ಈ ಎರಡರ ಲೆಕ್ಕದಲ್ಲೇ ತೂಗಿ ನೋಡಬೇಕು.

ಪದ್ಧತಿ ಎಲ್ಲರಿಗೂ ಪರಿಚಿತ. ತೀರಿಕೊಂಡ ತಂದೆ ತಾಯಿಯ ಸ್ಮರಣಾರ್ಥ ಒಂದು ಸಿಮೆಂಟು ಬೆಂಚು. ಸೇವಾ ಸಂಸ್ಥೆಯೊಂದರಿಂದ ಕುಡಿಯುವ ನೀರಿನ ಘಟಕ. ವ್ಯಾಪಾರಿಗಳ ಸಂಘದಿಂದ ಕಮಾನು. ಕಂಪನಿಯೊಂದರ ಸಿಎಸ್‌ಆರ್ ಹಣದಲ್ಲಿ ಓಪನ್ ಜಿಮ್, ಇಂಟರ್‌ಲಾಕ್ ಟೈಲ್ಸಿನ ವಾಕಿಂಗ್ ಪಾತ್, ಒಂದು ಕಾರಂಜಿ. ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು, ನಾಮಫಲಕ ನಿಲ್ಲಿಸುವಲ್ಲಿಗೆ ಕೆಲಸ ಮುಗಿಯಿತು. ಕೆಲವು ಬೇಸಿಗೆ ಕಳೆದ ಮೇಲೆ ಹೋಗಿ ನೋಡಿದರೆ ಹೆಚ್ಚಿನ ಕಡೆ ಗಟ್ಟಿಯಾಗಿ ಉಳಿದಿರುವುದು ಫಲಕವೇ.

ಹಾಗೆಂದು ದಾನಿಗಳನ್ನು ಹೀಗಳೆಯುವುದು ಅನ್ಯಾಯ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ 12ನೇ ಅನುಸೂಚಿಯಲ್ಲಿ ಉದ್ಯಾನ, ತೋಟ, ಆಟದ ಮೈದಾನಗಳನ್ನು ನಗರ ಸ್ಥಳೀಯ ಸಂಸ್ಥೆಗಳ ಕೆಲಸದ ಪಟ್ಟಿಗೆ ಸೇರಿಸಿತು. ಕೆಲಸ ಬಂತು, ಅದಕ್ಕೆ ತಕ್ಕ ಹಣ ಬರಲಿಲ್ಲ. ಆಸ್ತಿ ತೆರಿಗೆಯ ಜೊತೆ ನಾವು ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಕಟ್ಟುತ್ತೇವೆ. ಆ ರಸೀತಿಯಲ್ಲಿ ಉದ್ಯಾನಕ್ಕೆಂದು ಒಂದು ಸಾಲಿಲ್ಲ. ಕೇಂದ್ರದ ಅಮೃತ್ ಯೋಜನೆ 2015ರಲ್ಲಿ ಆರಂಭವಾದಾಗ ಬಳ್ಳಾರಿಯೂ ಅದರ ಪಟ್ಟಿಯಲ್ಲಿತ್ತು. ಆದರೆ ಕುಡಿಯುವ ನೀರು ಮತ್ತು ಒಳಚರಂಡಿಯೇ ಮುಖ್ಯವಾಗಿದ್ದ ಆ ಯೋಜನೆಯಲ್ಲಿ ಉದ್ಯಾನಗಳಿಗೆ ಮೀಸಲಿಟ್ಟ ಪಾಲು ಶೇ 2.5 ಮಾತ್ರ. ಇಂಥ ಬರದಲ್ಲಿ ಒಬ್ಬ ಗೃಹಸ್ಥ ತನ್ನ ಕೈಯಿಂದ ಒಂದು ಬೆಂಚು ಮಾಡಿಸಿಕೊಟ್ಟರೆ ಅದರ ಮೇಲೆ ಕೂರುವ ಮುದುಕರ ಮಂಡಿನೋವಿಗೆ ಅಷ್ಟು ಆರಾಮ. ಮೇಲಾಗಿ, ಬೆಂಚು ಕೊಟ್ಟವನು ಆಗಾಗ ಬಂದು ಅದು ಮುರಿದಿದೆಯೇ ಎಂದು ನೋಡುತ್ತಾನೆ. ಆ ಅಕ್ಕರೆ ಟೆಂಡರಿನಲ್ಲಿ ಸಿಗುವುದಿಲ್ಲ.

ತೊಂದರೆ ಶುರುವಾಗುವುದು ಬೇರೆ ಬೇರೆ ಹಣಕ್ಕೆ ಒಂದೇ ಶಾಲು ಹೊದಿಸಿದಾಗ. ಬಳ್ಳಾರಿ ಜಿಲ್ಲೆಯಲ್ಲಿ ‘ದಾನ’ದ ಗೌರವ ಪಡೆಯುವ ಹಣ ಮೂರು ಬಗೆಯದು. ಮೊದಲನೆಯದು ನಾಗರಿಕರು ಸ್ವಂತ ಜೇಬಿನಿಂದ ಕೊಡುವ ಹಣ. ಅದು ನಿಜವಾದ ದಾನ. ಎರಡನೆಯದು ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಲೇಬೇಕು. ಎಲ್ಲಿಗೆ ಕೊಡಬೇಕೆಂಬ ಆಯ್ಕೆ ಕಂಪನಿಯದು, ಕೊಡಲೇಬೇಕೆಂಬ ನಿಯಮ ಸಂಸತ್ತಿನದು. ಮೂರನೆಯದು ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ. 2015ರಲ್ಲಿ ಗಣಿ ಕಾಯ್ದೆಗೆ ತಂದ ತಿದ್ದುಪಡಿಯಂತೆ ಹಳೆಯ ಗುತ್ತಿಗೆದಾರರು ರಾಜಧನದ ಶೇ 30ರಷ್ಟನ್ನೂ ಹರಾಜಿನಲ್ಲಿ ಗುತ್ತಿಗೆ ಪಡೆದವರು ಶೇ 10ರಷ್ಟನ್ನೂ ಈ ನಿಧಿಗೆ ತುಂಬಬೇಕು. ಅದಿರಿನ ಲಾರಿಗಳ ಕೆಂಪು ದೂಳು ನುಂಗಿದ ಊರುಗಳ ಹಕ್ಕಿನ ಹಣ ಅದು. ಅದರಲ್ಲಿ ಒಂದು ಉದ್ಯಾನವಾದರೆ ಕಮಾನಿನ ಮೇಲೆ ಯಾರ ಭಾವಚಿತ್ರವೂ ಬೇಕಿಲ್ಲ. ಹಕ್ಕಿನ ಹಣವನ್ನು ಉಪಕಾರವೆಂದು ಸ್ವೀಕರಿಸಿದ ಊರು ಅದರ ಲೆಕ್ಕ ಕೇಳಲು ಹಿಂಜರಿಯುತ್ತದೆ.

ಸಿಎಸ್‌ಆರ್ ಹಣಕ್ಕೆ ಅಂಟಿಕೊಂಡ ದೋಷ ಇನ್ನೊಂದಿದೆ. ನಿಯಮದಂತೆ ‘ಮುಂದುವರಿಯುವ ಯೋಜನೆ’ಯೊಂದು ಆರಂಭದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ ನಡೆಯಬಹುದು. 2021ರ ತಿದ್ದುಪಡಿಯ ಪ್ರಕಾರ ಆ ಹಣದಲ್ಲಿ ಕಟ್ಟಿದ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ಸಾರ್ವಜನಿಕ ಪ್ರಾಧಿಕಾರದಂಥ ಸಂಸ್ಥೆಯ ಕೈಗೆ ಅದು ಹೋಗಬೇಕು. ಎರಡೂ ಒಳ್ಳೆಯ ನಿಯಮಗಳೇ. ಆದರೆ ಒಟ್ಟು ಪರಿಣಾಮ ನೋಡಿ: ಕಂಪನಿ ಕಟ್ಟುತ್ತದೆ, ಹಸ್ತಾಂತರಿಸುತ್ತದೆ, ವರದಿಯಲ್ಲಿ ಚಿತ್ರ ಹಾಕುತ್ತದೆ. ಐದನೇ ವರ್ಷದ ಬೋರ್‌ವೆಲ್ ರಿಪೇರಿ, ಟ್ಯಾಂಕರ್ ಬಾಡಿಗೆ, ಕರೆಂಟ್ ಬಿಲ್ಲು ಪಾಲಿಕೆಯ ತಲೆಗೆ. ಹೀಗೆ ಕಾರಂಜಿ ಕೊಟ್ಟವರು ಊರಿಗೆ ಆಸ್ತಿಯ ಜೊತೆ ಸಾಲವನ್ನೂ ಕೊಟ್ಟು ಹೋಗಿರುತ್ತಾರೆ.

ಕೊಡುವವರ ಕಣ್ಣು ಫೋಟೋದ ಮೇಲಿದ್ದರೆ ಉದ್ಯಾನದ ರೂಪವೂ ಕೆಡುತ್ತದೆ. ಹುಲ್ಲುಹಾಸು ಉದ್ಘಾಟನೆಯ ದಿನವೇ ಹಸಿರಾಗಿ ಕಾಣುತ್ತದೆ. ಬೇವಿನ ಸಸಿ ನೆರಳು ಕೊಡಲು ವರ್ಷಗಳು ಬೇಕು. ಹಾಗಾಗಿ ದಾನದ ಹಣ ಹುಲ್ಲಿಗೆ, ಅಲಂಕಾರದ ಗಿಡಕ್ಕೆ, ಟೈಲ್ಸಿಗೆ ಹರಿಯುತ್ತದೆ. ತುಂಗಭದ್ರೆಯ ಕಾಲುವೆ ನಂಬಿಕೊಂಡು ಕುಡಿಯುವ ನೀರು ಶೇಖರಿಸಿಡುವ ಊರು ಇದು. 2024ರ ಆಗಸ್ಟಿನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಸೀಮೆ ಹೇಗೆ ಕಂಗಾಲಾಯಿತೆಂದು ಯಾರೂ ಮರೆತಿಲ್ಲ. ಇಂಥಲ್ಲಿ ದಿನಾ ನೀರು ಕೇಳುವ ಹುಲ್ಲು ತಪ್ಪು ಆಯ್ಕೆ. ಬೇವು, ಹೊಂಗೆ, ಹುಣಸೆ, ಆಲ ಈ ಎರೆಮಣ್ಣಿಗೆ, ಈ ಬಿಸಿಲಿಗೆ ಒಗ್ಗಿದ ಮರಗಳು. ಮಧ್ಯಾಹ್ನ ಎರಡು ಗಂಟೆಗೆ ಒಬ್ಬ ಹಮಾಲಿ ಬಂದು ಅಂಗಾತ ಮಲಗುವಷ್ಟು ನೆರಳಿಲ್ಲದ ಉದ್ಯಾನ, ಎಷ್ಟೇ ಲಕ್ಷದ್ದಾಗಿರಲಿ, ಬಳ್ಳಾರಿಯ ಮಟ್ಟಿಗೆ ಸೋತ ಉದ್ಯಾನ.

ನಮ್ಮ ಹಿರಿಯರು ಕೊಡುವುದರಲ್ಲಿ ಹೆಚ್ಚು ಜಾಣರಿದ್ದರು. ನಮ್ಮ ಜಿಲ್ಲೆಯ ಕುರುಗೋಡು 12ನೇ ಶತಮಾನದಲ್ಲಿ ಬಲ್ಲಕುಂದೆ ಮುನ್ನೂರು ಎಂಬ ನಾಡನ್ನು ಆಳಿದ ಸಿಂದರ ರಾಜಧಾನಿ. ಅಲ್ಲಿನ ಶಾಸನಗಳು ದೇವಾಲಯಕ್ಕೆ ಬಿಟ್ಟ ಭೂಮಿಯ ದತ್ತಿಗಳನ್ನು ದಾಖಲಿಸುತ್ತವೆ. ಕನ್ನಡ ನಾಡಿನ ದತ್ತಿ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಗುಡಿ ಕಟ್ಟಿಸಿದ್ದನ್ನು ಹೇಳಿ ಅವು ಸುಮ್ಮನಾಗುವುದಿಲ್ಲ. ಪೂಜೆಗೆ, ದುರಸ್ತಿಗೆ, ಕೆಲಸದವರ ಅನ್ನಕ್ಕೆ ಯಾವ ಹೊಲ, ಅದರ ಎಲ್ಲೆ ಯಾವುದು ಎಂದು ಬರೆಯುತ್ತವೆ. ನಂದಾದೀವಿಗೆಗೆ ಹೊನ್ನು ಕೊಟ್ಟವರು ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ಎಣ್ಣೆ ತರುವಂತೆ ಕಟ್ಟು ಮಾಡುತ್ತಿದ್ದರು. ಕೆರೆಗೆ ಕೊಟ್ಟ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಭೂದತ್ತಿಗಳ ಹಿಂದೆಯೂ ಇದೇ ಬುದ್ಧಿ: ಕೆರೆಯ ಕೆಳಗಿನ ಗದ್ದೆಯೇ ಕೆರೆಯನ್ನು ಕಾಯಬೇಕು. ಅವರ ಹೆಸರೂ ಕಲ್ಲಿನ ಮೇಲಿದೆ, ಆದರೆ ಆ ಹೆಸರಿನ ಕೆಳಗೆ ಖರ್ಚಿನ ದಾರಿಯೂ ಇದೆ.

ಈ ಬುದ್ಧಿ ಇಂದಿಗೂ ನಡೆಯುತ್ತದೆ ಎಂಬುದಕ್ಕೆ ನಿದರ್ಶನ ಬೆಂಗಳೂರಿನಲ್ಲೇ ಇದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು, ಮರುವರ್ಷ ಪಾಲಿಕೆಯೊಂದಿಗೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡರು. ಅವರು ಜನರಿಂದ ದೇಣಿಗೆ ಎತ್ತಿದ್ದು ನಿರ್ವಹಣೆಗೆ, ದಿನಾ ಕೆರೆ ನೋಡಿಕೊಳ್ಳುವವರ ಕೂಲಿಗೆ. ದೂರದ ನ್ಯೂಯಾರ್ಕಿನಲ್ಲಿ 1980ರಲ್ಲಿ ಹುಟ್ಟಿದ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಬೆಂಚಿಗೆ ಹೆಸರು ಬರೆಸಲು ಪಡೆಯುವ ಹಣವನ್ನು ಪಾರ್ಕಿನ ಪಾಲನೆಯ ಶಾಶ್ವತ ನಿಧಿಗೆ ಸೇರಿಸುತ್ತದೆ. ನಮ್ಮ ನಂದಾದೀವಿಗೆಯ ಲೆಕ್ಕವೇ ಅದು.

ಅದೇ ನ್ಯೂಯಾರ್ಕ್ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. 2012ರಲ್ಲಿ ಒಬ್ಬ ಸಿರಿವಂತ ಸೆಂಟ್ರಲ್ ಪಾರ್ಕಿಗೆ 10 ಕೋಟಿ ಡಾಲರ್ ಕೊಟ್ಟ. ಬಡವರ ಬಡಾವಣೆಗಳ ಪಾರ್ಕುಗಳು ಒಣಗುತ್ತಲೇ ಇದ್ದವು. ಮರುವರ್ಷ ಅಲ್ಲಿನ ಶಾಸಕರೊಬ್ಬರು ದೊಡ್ಡ ಪಾರ್ಕು ಸಂಸ್ಥೆಗಳು ತಮ್ಮ ಬಜೆಟ್ಟಿನ ಶೇ 20ರಷ್ಟನ್ನು ಬಡ ಪಾರ್ಕುಗಳಿಗೆ ಹಂಚಬೇಕೆಂಬ ಪ್ರಸ್ತಾವ ಮುಂದಿಟ್ಟರು. ದಾನ ಇಳಿಜಾರಿಗೆ ಹರಿಯುವುದಿಲ್ಲ, ದಾನಿ ಓಡಾಡುವ ಕಡೆಗೆ ಹರಿಯುತ್ತದೆ. ಸಿಎಸ್‌ಆರ್ ಕಾಯ್ದೆಯೂ ಕಂಪನಿಯ ಸುತ್ತಲಿನ ಪ್ರದೇಶಕ್ಕೇ ಆದ್ಯತೆ ಕೊಡು ಎನ್ನುತ್ತದೆ. ಖನಿಜ ನಿಧಿಯ 2024ರ ಕೇಂದ್ರ ಮಾರ್ಗಸೂಚಿ ಗಣಿಯಿಂದ 15 ಕಿಲೋಮೀಟರ್ ಒಳಗಿನ ಪ್ರದೇಶವನ್ನು ನೇರ ಬಾಧಿತ, 25 ಕಿಲೋಮೀಟರ್ ಒಳಗಿನದನ್ನು ಪರೋಕ್ಷ ಬಾಧಿತ ಎಂದು ಗುರುತಿಸುತ್ತದೆ. ಅಂದರೆ ತೋರಣಗಲ್ಲು, ಸಂಡೂರಿನ ಸುತ್ತ ಹಣವಿದೆ. ಭತ್ತ ಬೆಳೆದು ರೈಸ್‌ಮಿಲ್ಲು ನಡೆಸುವ ಸಿರುಗುಪ್ಪಕ್ಕೆ ಈ ಎರಡೂ ಬಾಗಿಲು ದೂರ. ಬಳ್ಳಾರಿ ನಗರದ ಒಳಗೂ ಅಷ್ಟೇ. ಹೊಸ ಬಡಾವಣೆಯ ಉದ್ಯಾನಕ್ಕೆ ದಾನಿ ಸುಲಭವಾಗಿ ಸಿಗುತ್ತಾನೆ, ಕೌಲ್ ಬಜಾರಿನಂಥ ಒತ್ತೊತ್ತಾದ ಹಳೆಯ ವಸತಿಯ ಮಕ್ಕಳಿಗೆ ಸಿಗುವುದು ಕಷ್ಟ. ಪಾಲಿಕೆ ಇರುವುದೇ ಈ ಅಸಮತೆಯನ್ನು ಸರಿದೂಗಿಸಲಿಕ್ಕೆ. ದಾನ ಬಂದ ಉದ್ಯಾನಕ್ಕೆ ತನ್ನ ಪಾಲಿನ ಹಣವನ್ನೂ ಸುರಿಯುವ ಪಾಲಿಕೆ ಆ ಕೆಲಸವನ್ನು ತಲೆಕೆಳಗು ಮಾಡುತ್ತದೆ.

ಕೊಟ್ಟವರು ಮುಂದೆ ಏನು ಕೇಳಬಹುದು ಎಂಬುದಕ್ಕೂ ಗೆರೆ ಬೇಕು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಟ್ರಸ್ಟೊಂದಕ್ಕೆ ಕೊಟ್ಟಿದ್ದನ್ನು ನಿವಾಸಿಗಳು ಪ್ರಶ್ನಿಸಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಸಲ್ಲದೆಂದು ತೀರ್ಪು ಕೊಟ್ಟಿತು. ಆಸ್ಪತ್ರೆ ಒಳ್ಳೆಯದೇ. ಆದರೂ ಉದ್ಯಾನ ಉದ್ಯಾನವಾಗಿಯೇ ಇರಬೇಕು, ಅದು ಅಲ್ಲಿ ಬದುಕುವವರೆಲ್ಲರ ಹಕ್ಕು. ದಾನದ ಒಪ್ಪಂದಕ್ಕೂ ಇದೇ ಅಳತೆ. ದಾನಿಗೆ ಕೃತಜ್ಞತೆ ಸಲ್ಲಬೇಕು, ಗೇಟಿನ ಬೀಗದ ಕೈ ಸಲ್ಲಬಾರದು. ಟಿಕೆಟ್ಟು, ಜಾಹೀರಾತು ಫಲಕ, ಖಾಸಗಿ ಸಮಾರಂಭ, ಬೀದಿವ್ಯಾಪಾರಿಯನ್ನು ಹೊರಗಟ್ಟುವ ಕಾವಲು, ಇವು ಯಾವುವೂ ದೇಣಿಗೆಯ ಹಿಂಬಾಗಿಲಿನಿಂದ ಒಳಬರಬಾರದು.

ಬಳ್ಳಾರಿ ಮಹಾನಗರ ಪಾಲಿಕೆಯೂ ಸಿರುಗುಪ್ಪ, ಕುರುಗೋಡಿನ ಸ್ಥಳೀಯ ಸಂಸ್ಥೆಗಳೂ ಉದ್ಯಾನದ ದಾನವನ್ನು ನಿರಾಕರಿಸಬೇಕಿಲ್ಲ, ಷರತ್ತು ಹಾಕಿ ಸ್ವೀಕರಿಸಬೇಕು. ಕಟ್ಟುವ ಹಣದ ಜೊತೆ ನಿರ್ವಹಣೆಗೆ ಮುಟ್ಟದ ಠೇವಣಿ ಇರಲಿ. ಪ್ರತಿ ದೇಣಿಗೆಯಲ್ಲಿ ಐದನೇ ಒಂದು ಪಾಲು ದಾನಿಯಿಲ್ಲದ ಉದ್ಯಾನಗಳಿಗೆ ಹೋಗಲಿ. ಫಲಕ ಅಂಗೈಯಗಲ ಇದ್ದರೆ ಸಾಕು, ಅದರ ಪಕ್ಕದಲ್ಲಿ ಈ ವರ್ಷದ ಜಮಾಖರ್ಚು ತೂಗುಹಾಕಲಿ. ಯಾವ ಗಿಡ, ಎಷ್ಟು ನೀರು ಎಂಬುದನ್ನು ವಾರ್ಡಿನವರು ಕೂತು ತೀರ್ಮಾನಿಸಲಿ. ಖನಿಜ ನಿಧಿಯ ಕೆಲಸಕ್ಕೆ ದಾನಿಯ ಹೆಸರೇ ಬೇಡ. ಇಷ್ಟಕ್ಕೆ ಒಪ್ಪುವ ದಾನಿ ಊರಿನ ಗೌರವಕ್ಕೆ ಅರ್ಹ. ಒಪ್ಪದವರ ಹಣ ಎಷ್ಟೇ ದೊಡ್ಡದಾದರೂ ವಂದಿಸಿ ಹಿಂದಿರುಗಿಸುವುದೇ ಊರಿಗೆ ಲಾಭ.